ಅಂಟು ಒಣಗುವವರೆಗೆ

ಇಷ್ಟು ವರ್ಷ ನನ್ನ ಬಾಯಿಯೇ ಆಗಿದ್ದ ಅಕ್ಕನಿಗೆ,

ಬದುಕಿದೆ ಕಣೇ! ಇದನ್ನು ಓದಿ ಮೊದಲು ಉಸಿರು ಬಿಡು, ಉಳಿದದ್ದು ಆಮೇಲೆ.

ಈ ಉಗ್ಗು ಮಾತು ಕಟ್ಟಿಕೊಂಡು ನಾನು ಮ್ಯೂಸಿಯಂ ಸೇರಿದ್ದೇ ಅದರ ಹಿಂದಿನ ಕೋಣೆಗಾಗಿ. ಬಾಗಿಲು ಹಾಕಿಕೊಂಡರೆ ನಾನಾಯಿತು, ನನ್ನ ಒಡೆದ ಮಡಕೆಗಳಾಯಿತು. ಹೋದ ತಿಂಗಳು ಹೊಸ ನಿರ್ದೇಶಕರು ಆ ನೆಮ್ಮದಿಗೆ ಕಲ್ಲು ಹಾಕಿದರು. "ಸಂಶೋಧಕರು ಇನ್ಮೇಲೆ ಜನರ ಮಧ್ಯೆನೇ ಕೂತು ಕೆಲ್ಸ ಮಾಡ್ಬೇಕು, ಕೇಳಿದ್ದಕ್ಕೆ ಉತ್ತರ ಹೇಳ್ಬೇಕು. ಆಗಲ್ಲ ಅನ್ನೋರು ಬೇರೆ ದಾರಿ ನೋಡ್ಕೊಳ್ಳಿ" ಎಂದರು. ಫೋನಿನಲ್ಲಿ ಅತ್ತಾಗ ನೀನು, "ನಾನೇ ಬಂದು ನಿನ್ ಪಕ್ಕ ಕೂತ್ಕೋತೀನಿ ಬಿಡೇ" ಅಂದೆ. ಬಂದೂ ಬಿಡುವವಳೇ. ಅಂಗಡಿಯಲ್ಲಿ ಪೆನ್ಸಿಲ್ ಕೇಳುವುದರಿಂದ ಹಿಡಿದು ಹಲ್ಲಿನ ಡಾಕ್ಟರಿಗೆ ನೋವು ಹೇಳುವವರೆಗೆ ನನ್ನ ಪರವಾಗಿ ಮಾತಾಡಿದವಳು ನೀನು. ಒಮ್ಮೆ ತಪ್ಪು ಹಲ್ಲು ತೋರಿಸಿದ್ದನ್ನು ನಾನಿನ್ನೂ ಮರೆತಿಲ್ಲ.

ಇವತ್ತು ಗ್ಯಾಲರಿಯ ನಟ್ಟನಡುವೆ ನನ್ನ ಮೇಜು. ಮಡಕೆಯ ಕಂಠಕ್ಕೆ ಒಂದು ಚೂರು ಅಂಟಿಸಿ ಎರಡೂ ಕೈಯಿಂದ ಒತ್ತಿ ಹಿಡಿದಿದ್ದೆ. ಆಗಲೇ ವಕ್ಕರಿಸಿದರು ಒಬ್ಬ ಅಜ್ಜಿ ಮತ್ತು ಅವರ ಮಗಳು, ಹಿಂದೆ ಒಂದು ಗುಂಪು.

"ಇದ್ರಲ್ಲಿ ಏನಿಡ್ತಿದ್ರಮ್ಮ?" ಎಂದರು ಅಜ್ಜಿ.

ಓಡಿಹೋಗೋಣವೆಂದರೆ ಕೈ ಬಿಡುವಂತಿಲ್ಲ, ಬಿಟ್ಟರೆ ಚೂರು ಕಳಚಿ ಬೀಳುತ್ತದೆ. "ಎ... ಎ..." ಎಂದು ಎಣ್ಣೆಯ ಮೊದಲ ಅಕ್ಷರಕ್ಕೇ ಸಿಕ್ಕಿಬಿದ್ದೆ. "ಎಳ್ಳಾ?" ಎಂದಳು ಮಗಳು, ಥೇಟ್ ನಿನ್ನ ಹಾಗೆ. ಅಜ್ಜಿ ಅವಳನ್ನು ಗದರಿದರು: "ಸುಮ್ನಿರೇ. ಅಂಟು ಒಣಗ್ಲಿ, ಅವರೇ ಹೇಳ್ತಾರೆ."

ಅಂಟು ಒಣಗಲೆಂದೇ ನಾನು ತಡೆದು ಮಾತಾಡುತ್ತಿದ್ದೇನೆ ಎಂದುಕೊಂಡುಬಿಟ್ಟಿದ್ದರು ಮಹಾತಾಯಿ! ಎಲ್ಲರೂ ನನ್ನ ಬಾಯಿ ನೋಡುವುದು ಬಿಟ್ಟು ಕೈ ನೋಡುತ್ತಾ ಆರಾಮಾಗಿ ನಿಂತರು. ನನಗೆ ಒಳಗೊಳಗೇ ನಗು ಬಂತು. ನಗು ಬಂದ ಮೇಲೆ ಎಣ್ಣೆಯೂ ಬಂತು. ಮಡಕೆಯ ಗೋಡೆ ಎಣ್ಣೆ ಕುಡಿದಿರುವುದು, ಅದನ್ನು ನಾವು ಪತ್ತೆ ಹಚ್ಚುವುದು, ಎಲ್ಲ ಹೇಳಿದೆ. ಸಿಕ್ಕಿಕೊಂಡಾಗಲೆಲ್ಲ ಕಾದರು. ಕೈ ತೆಗೆದ ಮೇಲೂ ಕಾದರು. ದೂರದಲ್ಲಿ ನಿಂತಿದ್ದ ನಿರ್ದೇಶಕರು, "ನಾಳೆನೂ ನಿಮ್ ಮೇಜು ಇಲ್ಲೇ ಇರ್ಲಿ" ಎಂದು ಹೋದರು. ಎದೆಯ ಮೇಲಿನ ಭಾರ ಇಳಿಯಿತು ಅಕ್ಕ, ಎಷ್ಟು ಹಗುರಾಗಿದ್ದೇನೆ ಗೊತ್ತಾ.

ಭಾನುವಾರ ನಾನೇ ಫೋನ್ ಮಾಡುತ್ತೇನೆ. ಮಾತು ನಡುವೆ ಸಿಕ್ಕಿಕೊಂಡರೆ ನೀನು ಮುಗಿಸಲು ಹೋಗಬೇಡ. ನಿನಗದು ಕಷ್ಟ, ಗೊತ್ತು. ಆದರೂ ಸ್ವಲ್ಪ ಕಾಯು, ನಾನೇ ಹೇಳುತ್ತೇನೆ.

ನನಗಾಗಿ ದಣಿದ ನಿನ್ನ ಬಾಯಿ ತಣ್ಣಗಿರಲಿ.

ನಿನ್ನ ಉಗ್ಗು ತಂಗಿ