ನನ್ನ ಇಷ್ಟ ಕೇಳಿದ್ದರು

ಹೊನ್ನವಳ್ಳಿ
೧೨-೧-೨೦೨೫, ಭಾನುವಾರ

ಪ್ರೀತಿಯ ಇಂಪನಾ,

ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಪಿತ್ತಕೋಶ ತೆಗೆದ ಜಾಗ ನಕ್ಕರೆ ಮಾತ್ರ ಹಿಡಿದುಕೊಳ್ಳುತ್ತದೆ. ಸದ್ಯಕ್ಕೆ ಅಂಥ ಸಂದರ್ಭ ಬಂದಿಲ್ಲ. ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಈಗ ಫೋನೆಂದರೆ ನಿನ್ನ ಮುಖವೂ ಬರುತ್ತದೆ. ಅಂಚೆಗೆ ಹಾಕುತ್ತೇನೆ. ಜರ್ಮನಿಗೆ ನಿಧಾನವಾಗಿ ತಲುಪಲಿ.

ನಿನ್ನ ನರ್ಸಿಂಗ್ ಓದಿಗೆ ಬೇಕೆಂದು ನೀನು ಕೇಳಿದ್ದ ಪ್ರಶ್ನೆಗೆ ಉತ್ತರ ಕೊಡದೆ ತಪ್ಪಿಸಿಕೊಂಡೆ. ಆಸ್ಪತ್ರೆಯಲ್ಲಿ ನಿನ್ನನ್ನು ಹಾಸಿಗೆಯ ನಂಬರೆಂದು ನೋಡಿದರೋ, ಗಿರಿಜಾಂಬಿಕಾ ಎಂದು ನೋಡಿದರೋ, ನಿನ್ನ ಇಷ್ಟ ಏನೆಂದು ಕೇಳಿದರೋ ಅಂತ ನೀನು ಅಂದಿದ್ದೆ. ಅಲ್ಲಿಯೂ ಇಲ್ಲಿಯೂ ನರ್ಸ್‌ಗಳು ಕೇಳಿದೆವು ಅನ್ನುತ್ತಾರೆ, ರೋಗಿಗಳು ಯಾರೂ ಕೇಳಲಿಲ್ಲ ಅನ್ನುತ್ತಾರೆ ಎಂದೂ ಹೇಳಿದ್ದೆ. ನನ್ನನ್ನು ಕೇಳಿದರು, ಇಂಪೂ. ಕೇಳಿದ್ದಷ್ಟೇ ಅಲ್ಲ, ನಡೆಸಿಯೂ ಕೊಟ್ಟರು.

ತಿಪಟೂರಿನ ಆ ಆಸ್ಪತ್ರೆಯಲ್ಲಿ ನನ್ನನ್ನು ನೋಡಿಕೊಳ್ಳಲು ಮೊದಲು ಬಂದ ನರ್ಸ್ ವನಿತಾ. ನಿನಗಿಂತ ಚಿಕ್ಕವಳು. ಆಪರೇಷನ್ನಿಗೆ ಮುಂಚೆ ಮೈಮೇಲಿನದನ್ನೆಲ್ಲ ತೆಗೆಯಬೇಕಿತ್ತು. ಬಳೆಗಳನ್ನು ಸೋಪು ಹಚ್ಚಿ ಅವಳೇ ಜಾರಿಸಿದಳು. ಕೊರಳಿನ ಶಿವದಾರದ ಹತ್ತಿರ ಬಂದಾಗ ಕೈ ಹಿಂದಕ್ಕೆಳೆದುಕೊಂಡಳು. “ಅಮ್ಮಾ, ಲಿಂಗ ನೀವೇ ತೆಗ್ದಿಡ್ತೀರಾ, ಇಲ್ಲಾ ನಿಮ್ಮೋರ್ ಯಾರ್ನಾದ್ರೂ ಕರೀಲಾ?” ಎಂದಳು. ಇಷ್ಟು ತಿಳಿದವಳು ಯಾರ ಪೈಕಿಯಿರಬಹುದು ಅನ್ನಿಸಿತು.

“ಯಾವೂರವ್ವ ನಿಂದು?” ಎಂದೆ. ನಮ್ಮಲ್ಲಿ ಊರು ಕೇಳುವುದು ಊರಿಗಾಗಿ ಅಲ್ಲ, ನಿನಗೆ ಗೊತ್ತು.

“ಹುಳಿಯಾರ್ ಕಡೆ ಗೊಲ್ಲರಹಟ್ಟಿ ಕಣಮ್ಮ.” ನಗುತ್ತಲೇ ಹೇಳಿದಳು.

ಸ್ವಲ್ಪ ಹೊತ್ತಿಗೆ ಹಿರಿಯ ನರ್ಸ್ ಮಂಗಳಾ ಬಂದು, ಏನು ಬೇಕಿದ್ದರೂ ಸಂಕೋಚವಿಲ್ಲದೆ ಹೇಳಿ ಎಂದರು. ಬೇರೆ ಹುಡುಗಿಯನ್ನು ಕಳಿಸಿ ಎಂದೆ. ಯಾಕೆ ಎಂದರು. ಅವಳ ಕೈ ಒರಟು, ಸೂಜಿ ಚುಚ್ಚಿದರೆ ಜೀವ ಹೋಗುತ್ತದೆ ಎಂದೆ. ಮಂಗಳಾ ಮತ್ತೇನೂ ವಿಚಾರಿಸಲಿಲ್ಲ.

ಪಕ್ಕದ ಹಾಸಿಗೆಯ ಹಂದನಕೆರೆ ಕ್ಯಾತಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಏನ್ರಮ್ಮಾ, ಕೊಬ್ಬರಿ ಆರಿಸ್ದಂಗೆ ನರ್ಸ್‌ನೂ ಆರಿಸ್ಕತ್ತೀರಲ್ಲ” ಎಂದಳು. ವಾರ್ಡೆಲ್ಲ ನಕ್ಕಿತು. ನಾನೂ ನಕ್ಕೆ.

ವನಿತಾಳ ಜಾಗಕ್ಕೆ ಬಂದವಳು ನಮ್ಮವರ ಪೈಕಿಯೇ. ಕೆಲಸ ಅಚ್ಚುಕಟ್ಟು. ನನ್ನನ್ನು ಒಮ್ಮೆಯೂ ಏನನ್ನೂ ಕೇಳಲಿಲ್ಲ. ವನಿತಾ ಇನ್ನು ಯಾರಿಗೂ ಸೂಜಿ ಚುಚ್ಚಬಾರದೆಂದು ಅವಳನ್ನು ಬಟ್ಟೆ ಕೋಣೆಗೆ ಹಾಕಿರುವುದು ಆಮೇಲೆ ಕ್ಯಾತಮ್ಮನಿಂದ ತಿಳಿಯಿತು. ಇನ್ನೊಂದು ದೂರು ಬಂದರೆ ಕೆಲಸವೇ ಹೋಗುತ್ತದಂತೆ.

ಆಗ ನಿನ್ನ ವಾರ್ಡಿನ ಆ ಜರ್ಮನ್ ಮುದುಕ ನೆನಪಾದ. ಮೈ ಒರೆಸಲು ನೀನು ಹೋದಾಗ ‘ನಮ್ಮವರ ಕೈಯೇ ಬೇಕು’ ಅಂದನಂತೆ. ರೋಗಿಯ ಇಷ್ಟವೆಂದು ನಿನ್ನನ್ನು ಬದಲಾಯಿಸಿದರಂತೆ. ಕಳೆದ ತಿಂಗಳು ನೀನು ಅಳುತ್ತ ಹೇಳಿದಾಗ ಅವನ ಬಾಯಿಗೆ ಹುಳ ಬೀಳ ಎಂದು ಶಪಿಸಿದ್ದೆ. ಈಗ ಅವನ ಹೆಸರೇನೆಂದು ತಿಳಿಯಬೇಕು ಅನ್ನಿಸುತ್ತದೆ. ಅವನೂ ನಾನೂ ಅಕ್ಕಪಕ್ಕದ ಹಾಸಿಗೆಯಲ್ಲಿ ಮಲಗಬಹುದಾದವರು. ಭಾಷೆಯೊಂದು ಅಡ್ಡ, ಅಷ್ಟೆ.

ಮನೆಗೆ ಹೊರಟಾಗ ವನಿತಾ ಬಾಗಿಲ ಬಳಿ ಒಗೆದ ಹೊದಿಕೆಗಳನ್ನು ಮಡಚುತ್ತಿದ್ದಳು. ನಾನೇ ಮಾತಾಡಿಸಬೇಕೆಂದಿದ್ದೆ. ಅವಳೇ ಕೇಳಿದಳು.

“ಯಾವ ಕೈಯಮ್ಮ ನೋವಾಗಿದ್ದು?”

ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಎಡಗೈ ಚಾಚಿದೆ. ಅವಳು ಮುಟ್ಟಲಿಲ್ಲ. ನೋಡಿದಳು, ಇನ್ನೊಂದು ಹೊದಿಕೆ ಎತ್ತಿಕೊಂಡಳು.

ನನ್ನ ಉತ್ತರವನ್ನು ನಿನ್ನ ಓದಿಗೆ ಸೇರಿಸುವುದಾದರೆ ‘ಕೇಳಿದರು’ ಎಂದೇ ಹಾಕಿಕೋ. ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಅಮ್ಮ,
ಗಿರಿಜಾಂಬಿಕಾ

ಸಹಿ ಹಾಕಿದ ಮೇಲೆ ಒಂದು ಮಾತು: ನಾಳೆ ಹೊಲಿಗೆ ಬಿಚ್ಚಿಸಲು ತಿಪಟೂರಿಗೆ ಹೋಗಬೇಕು. ಮಂಗಳಾಗೆ ಹೇಳಬೇಕಾದದ್ದು ಒಂದೇ ವಾಕ್ಯ. ನಿನಗೆ ಬರೆದುಬಿಟ್ಟರೆ ಅಲ್ಲಿ ಹೇಳದೆ ವಾಪಸು ಬರಲಾರೆನೆಂದು ಮೊದಲು ಇಲ್ಲಿ ಬರೆಯುತ್ತಿದ್ದೇನೆ. ವನಿತಾ ನನಗೆ ಸೂಜಿ ಚುಚ್ಚಿಯೇ ಇರಲಿಲ್ಲ.