ಕಪಾಟಿನಲ್ಲಿ ಆರು ಮೈಕ್ರೋಸ್ಕೋಪು

೧೬ ಆಗಸ್ಟ್ ೧೯೯೯, ಸೋಮವಾರ. ಸಂಜೆ ೬.೧೫

ಲ್ಯಾಬ್ ಗುಡಿಸಿದೆ. ಬೀಕರು ತೊಳೆದೆ. ನಲವತ್ತು ಕುರ್ಚಿ ಹೊತ್ತು ಸಭಾಭವನಕ್ಕೆ, ಅಲ್ಲಿಂದ ವಾಪಸು. ಕಾಲೇಜಿನ ಸಸ್ಯಶಾಸ್ತ್ರ ಸಂಘದ ಉದ್ಘಾಟನೆ. ಪ್ರಾರ್ಥನೆ, ಸ್ವಾಗತ, ಮಾಲೆ, ಶಾಲು, ಭಾಷಣ — ಎರಡು ತಾಸು. ಸೆಕ್ರೆಟರಿ ಹನಮೇಶ, ಬಿ.ಎಸ್ಸಿ. ಎರಡನೇ ವರ್ಷದವ, ವಂದನಾರ್ಪಣೆಯನ್ನೇ ಇಪ್ಪತ್ತು ನಿಮಿಷ ಮಾಡಿದ. ಮೈಕಿನವನಿಗೆ, ಹೂವಿನವನಿಗೆ, ಚಹಾದವನಿಗೆ. ಗಿಡದ ಬಗ್ಗೆ ಒಂದು ಮಾತಿಲ್ಲ. ಅತಿಥಿಗಳು ನೀರು ಹಾಕಿದ ಸಸಿಯನ್ನು ನರ್ಸರಿಯವ ಸಂಜೆ ವಾಪಸು ಒಯ್ದ.

ಮೊದಲಾದರೆ ಇದನ್ನೆಲ್ಲ ಊಟಕ್ಕೆ ಕೂತಾಗ ಹೆಂಡತಿ ಫಕೀರವ್ವನಿಗೆ ಹೇಳುತ್ತಿದ್ದೆ. ನಗುತ್ತಿದ್ದಳು. ಮಾರ್ಚಿನಲ್ಲಿ ತೀರಿಹೋದಳು. ಈಗ ಹುಡುಗರು ಬಿಟ್ಟುಹೋದ ಪ್ರಾಕ್ಟಿಕಲ್ ಜರ್ನಲ್ಲಿನ ಖಾಲಿ ಹಾಳೆಗೆ ಹೇಳುತ್ತೇನೆ.

೧೯ ಆಗಸ್ಟ್

ಪ್ರಾಕ್ಟಿಕಲ್. ಮೂವತ್ತೆರಡು ಹುಡುಗರು, ಹಳೆಯ ಮೈಕ್ರೋಸ್ಕೋಪು ಎರಡು. ಸ್ಲೈಡ್ ಇಟ್ಟುಕೊಡುತ್ತೇನೆ. ತೀರ್ಥಕ್ಕೆ ನಿಂತವರ ಹಾಗೆ ಸಾಲಾಗಿ ಬಂದು ಇಣುಕಿ ಹೋಗುತ್ತಾರೆ. ಚಿತ್ರ ಬರೆಯುವುದು ಮಾತ್ರ ಸೀನಿಯರ್ ಜರ್ನಲ್ ನೋಡಿ.

ಹೊಸವು ಆರು, ಕಪಾಟಿನಲ್ಲಿ. ಬಂದು ಮೂರು ವರ್ಷ. ಪ್ಲಾಸ್ಟಿಕ್ ತೆಗೆಯುವುದು ವರ್ಷಕ್ಕೊಮ್ಮೆ, ದಸರೆಯ ಖಂಡೇಪೂಜೆಗೆ, ಆಯುಧಪೂಜೆಗೆ. ವಿಭಾಗದ ಮುಖ್ಯಸ್ಥರು ಬಾಳಕೃಷ್ಣ ಸರ್. “ಒಡದ್ರ ಚೆಕಿಂಗ್‌ನ್ಯಾಗ ಯಾರು ಉತ್ತರಾ ಕೊಡ್ತಾರ? ನೀವು ಕೊಡ್ತೀರೇನು, ಶಿದ್ದಪ್ಪ?”

ಕೊಡುವುದಿಲ್ಲ. ಇಪ್ಪತ್ತೆರಡು ವರ್ಷದ ಅಟೆಂಡರ್ ನೌಕರಿ, ಒಂದು ಮೆಮೋ ಇಲ್ಲ.

೨೭ ಸೆಪ್ಟೆಂಬರ್. ಸಂಜೆ ೭

ಆರ್ಜೂ ಬಂದಿದ್ದಳು. ಪ್ರಾಕ್ಟಿಕಲ್ ಬ್ಯಾಚಿನ ಹಳೇ ಹುಬ್ಬಳ್ಳಿ ಹುಡುಗಿ, ಅಪ್ಪನದು ಗ್ಯಾರೇಜು, ದಿನಾ ಬಸ್ಸಿಗೆ ಓಡಾಡುತ್ತಾಳೆ. ಯುನಿವರ್ಸಿಟಿಯಲ್ಲಿ ಕೆರೆ ನೀರಿನ ಸಂಶೋಧನೆ ಮಾಡುವ ಭುವನೇಶ್ವರಿ ಮೇಡಂ ಹತ್ತಿರ ತಾನೇ ಹೋಗಿ ಕಲಿಸಿರಿ ಎಂದಳಂತೆ. ಮೇಡಂ ಜರ್ನಲ್ ತಿರುವಿದರು. “ಇದನ್ನೆಲ್ಲಾ ನೀ ನೋಡಿಯೇನ?” “ಇಲ್ರಿ.” ಮುಚ್ಚಿಕೊಟ್ಟರು. ಕೆಲಗೇರಿ ಕೆರೆ ನೀರಿನಲ್ಲಿ ಕಣ್ಣಾರೆ ಕಂಡದ್ದು ಹತ್ತು ಚಿತ್ರ, ಅಕ್ಟೋಬರ್ ಇಪ್ಪತ್ತೈದಕ್ಕೆ ತಾ ಎಂದರಂತೆ. ತಂದರೆ ಪ್ರತಿ ರವಿವಾರ ಅವರ ಲ್ಯಾಬಿನಲ್ಲಿ ಜಾಗ. ಒಬ್ಬರಿಗೇ.

ಹಾರ್ಲಿಕ್ಸ್ ಬಾಟಲಿಯಲ್ಲಿ ನೀರು ತಂದು ನನ್ನ ಮುಂದೆ ಕುಕ್ಕಿದಳು.

“ಕಾಕಾ, ಕಪಾಟ ತಗೀರಿ.”

“ಸರ್‌ಗ ಕೇಳವಾ.”

“ಕೇಳೇನ್ರಿ. ಸಂಘದಿಂದ ಅರ್ಜಿ ತಾ ಅಂದ್ರು. ಅರ್ಜಿ ಮ್ಯಾಲೆ ಸಂಘದ ಅಧ್ಯಕ್ಷರ ಸಹಿ ಬೇಕಂತ.”

“ಮಾಡಿಸು. ಅಧ್ಯಕ್ಷರು ಯಾರು?”

“ಅವರ ರೀ! ಸಹಿ ಮಾಡಿದ್ರು, ತಮಗ ತಾವ ಕೊಟ್ಕೊಂಡ್ರು, ವಿಚಾರ ಮಾಡಿ ಹೇಳ್ತೇನಿ ಅಂದ್ರು.”

೬ ಅಕ್ಟೋಬರ್

ಅರ್ಜಿ ಇನ್ನೂ ವಿಚಾರದಲ್ಲಿದೆ. ಬಾಟಲಿ ನಾರುತ್ತಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಹಳೆಯದರಲ್ಲೇ ಕೂರಿಸಿದೆ. ಗಾಳಿಗುಳ್ಳೆ ನೋಡಿ ಜೀವಿ ಎಂದು ಚಿತ್ರ ಬರೆದಿದ್ದಳು. ಎಷ್ಟು ದುಂಡಗೆ! ನೀರಿನ ಹನಿಯ ಮೇಲೆ ಗಾಜಿನ ಚೂರನ್ನು ಓರೆಯಾಗಿ ಇಳಿಸಬೇಕು, ಗುಳ್ಳೆ ಬರುವುದಿಲ್ಲ. ನಾಲ್ಕು ಸಲ ಹೇಳಿಕೊಟ್ಟೆ. ಹಸಿರು ನೂಲಿನಂಥದು ಸಿಕ್ಕಿತು.

“ಇದರ ಹೆಸರೇನ್ರಿ, ಕಾಕಾ?”

“ನಾ ಏಳನೇತ್ತ ಪಾಸು. ಎಲ್ಲಿ ಸಿಗತೈತಿ ಅಷ್ಟ ಗೊತ್ತು. ಹೆಸರ ನೀ ಹುಡುಕು.”

ಲೈಬ್ರರಿಗೆ ಓಡಿದಳು. ಆದರೆ ಹಳೆಯದರಲ್ಲಿ ಸಣ್ಣವು ಕಾಣುವುದೇ ಇಲ್ಲ. ಹೊಸದು ಬೇಕೇ ಬೇಕು.

೧೬ ಅಕ್ಟೋಬರ್, ಶನಿವಾರ. ಮಧ್ಯಾಹ್ನ ೨

ನವಮಿ ಸೋಮವಾರ. ಅಂದು ರಜೆ, ಅದಕ್ಕೇ ಇಂದೇ ಪೂಜೆ. ಆರೂ ಹೊರಗೆ ಬಂದವು. ಚೆಂಡುಹೂ, ಊದಿನಕಡ್ಡಿ. ಸರ್ ತಾವೇ ಕುಂಕುಮ ಹಚ್ಚಿದರು, ನೆಟ್ಟಗೆ ಲೆನ್ಸಿನ ಮೇಲೆ.

“ಸರ್, ಅದು ಕಣ್ಣಿಡೂ ಜಾಗಾರಿ.”

“ಎಲ್ಲೆರ ಹಚ್ಚಬೇಕಲ್ರಿ ಮಾರಾಯರ!”

ಊರಿಗೆ ಹೊರಟರು. ಬರುವುದು ಗುರುವಾರ. “ದಸರಾ ಮುಗಿಯೂತನಾ ಹೂ ತಗೀಬ್ಯಾಡ್ರಿ. ಪೂಜಾಕ್ಕ ಇಟ್ಟದ್ದು, ಯಾರೂ ಮುಟ್ಟಬಾರದು.”

ಮೂರು ವರ್ಷ ಯಾರು ಮುಟ್ಟಿದ್ದರು?

ಆರ್ಜೂ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿದಳು. ನಾನು ಮೇಜು ಒರೆಸಿದೆ. ಸೋಮವಾರ ಎಂಟಕ್ಕೆ ಬಾ ಎಂದೆ.

೧೮ ಅಕ್ಟೋಬರ್. ಸಂಜೆ ೬

ಬಾಜೂ ಮನೆಯಿಂದ ಹೋಳಿಗೆ ವಾಸನೆ. ನಮ್ಮಲ್ಲಿ ಹಬ್ಬವಿಲ್ಲ, ವರ್ಷ ತುಂಬಿಲ್ಲ. ಈಳಿಗೆಗೆ, ಕುಡಗೋಲಿಗೆ ಫಕೀರವ್ವನೇ ಕುಂಕುಮ ಹಚ್ಚುತ್ತಿದ್ದಳು. ಹಾಗೇ ಬಿಟ್ಟು ಕಾಲೇಜಿಗೆ ಹೋದೆ.

ಕೆರೆಯ ಹೊಸ ನೀರು ತಂದ ಆರ್ಜೂ ಜೊತೆ ಹನಮೇಶನೂ ಹಾಜರು. “ಸೆಕ್ರೆಟರಿ ಇರಲಾರ್ದ ಸಂಘದ ಕೆಲಸಾ ಹೆಂಗ ಆಕ್ಕೈತ್ರಿ, ಕಾಕಾ?” ಅವಳು ಅವನ ಕೈಗೆ ಬಟ್ಟೆ ಕೊಟ್ಟು ಕುಂಕುಮ ಒರೆಸಲು ಕೂರಿಸಿದಳು. ಅರ್ಧ ತಾಸು ಅದಕ್ಕೇ ಹೋಯಿತು.

ಆಮೇಲೆ ಕೆರೆ ಕಂಡಿತು. ದೋಣಿಯಂಥವು, ಬಾಚಣಿಕೆಯಂಥವು. ನಾಲ್ಕರ ಹೊತ್ತಿಗೆ ಒಂಬತ್ತು ಚಿತ್ರ. ಅಂಕುಡೊಂಕು, ಆದರೆ ನೋಡಿ ಬರೆದದ್ದು. ಹತ್ತನೆಯದು ಹಸಿರು ಚೆಂಡು, ಉರುಳುತ್ತಿತ್ತು. “ಕಾಕಾ, ಲಗೂ ಬರ್ರಿ!” ಕಣ್ಣಿಟ್ಟೆ. ಚೆಂಡಿನೊಳಗೆ ಸಣ್ಣ ಚೆಂಡುಗಳು. ಎಷ್ಟು ಹೊತ್ತು ನೋಡಿದೆನೋ. ಅವಳು ಪೆನ್ಸಿಲ್ ಹಿಡಿಯುವಷ್ಟರಲ್ಲಿ ಮೋಡ ಕವಿದು ಬಿಸಿಲು ಹೋಯಿತು. ಕರೆಂಟು ಮೊದಲೇ ಇರಲಿಲ್ಲ. ನಾಳೆ, ನಾಡಿದ್ದು ಕಾಲೇಜಿನ ಗೇಟಿಗೇ ಬೀಗ; ಗುರುವಾರ ಮುಂಜಾನೆ ಸರ್ ಬರುವ ಮೊದಲು ನೋಡೋಣ ಎಂದೆ.

ಮನೆಗೆ ಬಂದು, ಬಾಗಿಲು ತೆಗೆಯುತ್ತಲೇ ಹೇಳಲು ಬಾಯಿ ತೆರೆದೆ...

೨೧ ಅಕ್ಟೋಬರ್, ಗುರುವಾರ

ಹನಮೇಶ! ಅವನಿಗೇನು ಹೇಳಲಿ. ನೋಟಿಸ್ ಬೋರ್ಡಿನ ಮೇಲೆ, ದುಂಡನೆ ಅಕ್ಷರದಲ್ಲಿ: “ಸಂಘದ ವತಿಯಿಂದ ನವಮಿಯಂದು ಕೆಲಗೇರಿ ಕೆರೆಯ ನೀರಿನ ವೀಕ್ಷಣೆ ಯಶಸ್ವಿಯಾಗಿ ಜರುಗಿತು. ಪೂಜೆಗೆ ಇಟ್ಟ ಮೈಕ್ರೋಸ್ಕೋಪುಗಳನ್ನು ಬಳಸಲು ಕೊಟ್ಟು ಸಹಕರಿಸಿದ ಶ್ರೀ ಶಿದ್ದಪ್ಪ ಇವರಿಗೆ ಹೃತ್ಪೂರ್ವಕ ವಂದನೆಗಳು.”

ಸರ್ ಅದರ ಮುಂದೆ ನಿಂತು ಎರಡು ಸಲ ಓದಿದರು.

“ಯಾರನ್ನ ಕೇಳಿ ಕೊಟ್ರಿ?”

“ಯಾರನ್ನೂ ಕೇಳಿಲ್ರಿ.”

ಕೈ ಚಾಚಿದರು. ಕೀಲಿಕೈ ಕೊಟ್ಟೆ. ಸಂಜೆಗೆ ಮೆಮೋ ಬಂತು: ಸೋಮವಾರ ಪ್ರಿನ್ಸಿಪಾಲರಿಗೆ ಲಿಖಿತ ಉತ್ತರ ಕೊಡಬೇಕು. ಹನಮೇಶ ಅಳುಮೋರೆ ಮಾಡಿಕೊಂಡು ಬಂದ. “ಯಾರರ ಹೆಸರ ಬಿಟ್ರ ಛಲೋ ಅಲ್ಲಂತ ಹಾಕಿದ್ನಿರಿ, ಕಾಕಾ.” ಬೈಯಲೂ ಆಗಲಿಲ್ಲ.

೨೪ ಅಕ್ಟೋಬರ್, ರವಿವಾರ. ಸಂಜೆ ೫.೩೦

ಆರ್ಜೂ ಮನೆಗೇ ಬಂದಿದ್ದಳು. ಹತ್ತು ಹಾಳೆ ಹರವಿದಳು.

“ಹತ್ತನೇದು ಪುಸ್ತಕ ನೋಡಿ ಬರದೇನ್ರಿ. ಹಂಗೂ ಅದನ್ನ ನೋಡೇನಲ್ರಿ. ಗೊತ್ತಾಕ್ಕೈತೇನು?”

ಚಂದ ಬಂದಿತ್ತು. ಉಳಿದ ಒಂಬತ್ತಕ್ಕಿಂತ ಚಂದ. ಅದೇ ತೊಂದರೆ.

“ಗೊತ್ತಾಕ್ಕೈತಿ.”

“ಒಂಬತ್ತ ಒಯ್ದ್ರ ಒಳಗ ಬಿಡದಿದ್ರ?”

“ನನಗೇನ ಕೇಳ್ತಿ? ನಾ ಏನ ಮೇಡಂ ಏನು?”

ಸಿಟ್ಟಿಗೆದ್ದಳು. “ನೀವರ ಶ್ಯಾಣ್ಯಾ ಆಗ್ರಿ! ಧೂಳ ಒರಸಾಕ ತಗದಿದ್ದೆ ಅಂತ ಬರಕೊಡ್ರಿ, ಮುಗೀತೈತಿ.”

ಮೆಮೋಗೆ ನಾನು ಬರೆದಿಟ್ಟ ಉತ್ತರ ತೋರಿಸಿದೆ. ಒಂದೇ ಸಾಲು. ಹುಡುಗರು ನೋಡಲೆಂದು ಕೊಟ್ಟೆ.

ಓದಿದಳು. ಇನ್ನೊಮ್ಮೆ ಓದಿದಳು. ಒಂಬತ್ತು ಹಾಳೆ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದಳು. ಚಂದದ್ದು ಇಲ್ಲೇ ಮೇಜಿನ ಮೇಲಿದೆ.

ನಾಳೆ ಹತ್ತೂವರೆಗೆ ಅವಳು ಮೇಡಂ ಮುಂದೆ. ಹನ್ನೊಂದಕ್ಕೆ ನಾನು ಪ್ರಿನ್ಸಿಪಾಲರ ಮುಂದೆ.