ನುಂಗುವ ತರಗತಿಗೆ ಸೊನ್ನೆ ಅಂಕ

ಮಾನ್ಯ ಮೌಲ್ಯಮಾಪನ ಸಮಿತಿಯ ಅಧ್ಯಕ್ಷರೇ,

ವಿಶ್ವವಿದ್ಯಾಲಯದ ಆರೋಗ್ಯ ವಿಜ್ಞಾನ ಸ್ನಾತಕೋತ್ತರ ವಿಭಾಗವನ್ನು ಎರಡು ದಿನ ಪರಿಶೀಲಿಸಿ ತಾವು ಬರೆದ ವರದಿಯನ್ನು ಸೂಚನಾ ಫಲಕದ ಮುಂದೆ ನಿಂತೇ ಓದಿದೆ. ಹದಿನಾಲ್ಕನೇ ಕೋಣೆಯ ಬುಧವಾರದ ತರಗತಿಗೆ ತಾವು ಇಪ್ಪತ್ತಕ್ಕೆ ಸೊನ್ನೆ ಕೊಟ್ಟಿದ್ದೀರಿ. ಕಾರಣ, ‘ತರಗತಿ ನಡೆದಿರುವುದಕ್ಕೆ ಲಿಖಿತ ಪುರಾವೆ ಇಲ್ಲ.’ ಹೀಗಾಗಿ ಬರುವ ಬುಧವಾರದಿಂದಲೇ ತರಗತಿ ರದ್ದು, ಕೋಣೆಯಲ್ಲಿ ಇನ್ನು ಕಡತಗಳನ್ನು ಇಡಲಾಗುವುದು. ನಡೆಯದ ಆ ತರಗತಿಯಲ್ಲಿ ನಾನು ಒಂದು ವರ್ಷ ಎರಡು ತಿಂಗಳು ಕೂತಿದ್ದೇನೆ. ವಿದ್ಯಾರ್ಥಿಯಾಗಿ ಅಲ್ಲ, ಪಾಠವಾಗಿ.

ಪಾರ್ಶ್ವವಾಯು ಹೊಡೆದು ನನಗೆ ನುಂಗುವುದೇ ನಿಂತುಹೋಗಿತ್ತು. ಊಟ, ನೀರು ಎಲ್ಲ ಮೂಗಿನ ನಳಿಕೆಯಲ್ಲಿ. ನನ್ನಂಥವರಿಗೆ ಮತ್ತೆ ನುಂಗಲು ಕಲಿಸುವ ವಿದ್ಯೆಯನ್ನು ಈ ವಿಭಾಗದ ಮಕ್ಕಳು ಓದುತ್ತಾರೆ. ಅವರ ಮೇಡಂ ಬಾಗಿಲ ಬಳಿ ಒಂದು ಖಾಲಿ ಬಿಸ್ಕತ್ ಡಬ್ಬಿ ಇಟ್ಟಿದ್ದರು. “ಪೆನ್ನು, ಮೊಬೈಲು ಎಲ್ಲಾ ಇದರಲ್ಲಿ ಹಾಕಿ ಒಳಗೆ ಬನ್ನಿ. ನೀವು ಬರೆಯೋಕೆ ಬಗ್ಗಿದಾಗಲೇ ಅವರು ನುಂಗಿಬಿಟ್ಟಿರ್ತಾರೆ” ಎನ್ನುತ್ತಿದ್ದರು. ತಮಗೆ ಸಿಗದ ಪುರಾವೆಯೆಲ್ಲ ಆ ಡಬ್ಬಿಯಲ್ಲಿತ್ತು.

ಆರನೇ ಬುಧವಾರ ನನಗೆ ಒಂದು ಚಮಚ ನೀರು ಕುಡಿಸಿದರು. ನಾನು ಕೆಮ್ಮಲಿಲ್ಲ. ಬೆಳಿಗ್ಗೆ ವಾರ್ಡಿನಲ್ಲೂ ಕುಡಿಸಿ, ‘ಕೆಮ್ಮು: ಇಲ್ಲ’ ಎಂದು ಬರೆದಿದ್ದರು. ಮರುದಿನ ನಳಿಕೆ ತೆಗೆಯುವುದೆಂದು ಗೊತ್ತಾಗಿ ನನ್ನ ಹೆಂಡತಿ ಆಗಲೇ ಅಡುಗೆಯ ಯೋಚನೆಗೆ ಬಿದ್ದಿದ್ದಳು. ಆಗ ಹಿಂದಿನ ಬೆಂಚಿನಿಂದ, ಅಪ್ಪಿತಪ್ಪಿಯೂ ಬಾಯಿಬಿಡದ ಒಬ್ಬಳು ಹುಡುಗಿ ಎದ್ದು ಬಂದಳು.

“ತಾತ, ಒಂದ್ಸಲ ‘ಆ’ ಅನ್ನಿ.”

ಅಂದೆ.

“ಮೇಡಂ, ನೀರು ಕುಡಿಯೋಕೆ ಮುಂಚೆ ಇವರ ದನಿ ಹೀಗಿರಲಿಲ್ಲ. ಈಗ ಗೊಳಗೊಳ ಅಂತಿದೆ. ನೀರು ಶ್ವಾಸಕೋಶದ ಕಡೆ ಹೋಗಿದೆ.”

ನನ್ನದೇ ಗಂಟಲು, ನನಗೇ ತಿಳಿದಿರಲಿಲ್ಲ. ಎಕ್ಸ್‌ರೇಯಲ್ಲಿ ನೋಡಿದರೆ ಅವಳು ಹೇಳಿದ್ದೇ ನಿಜ. ನಳಿಕೆ ಇನ್ನೂ ಮೂರು ತಿಂಗಳು ಉಳಿಯಿತು, ಹಾಗಾಗಿ ನಾನೂ ಉಳಿದೆ.

ಪುರಾವೆಯ ಮಹತ್ವ ನನಗೂ ಗೊತ್ತು ಸ್ವಾಮಿ. ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಟಿಕೆಟ್ ಇಲ್ಲದವರನ್ನು ನಡುದಾರಿಯಲ್ಲಿ ಇಳಿಸಿದ್ದೇನೆ. ಆದರೆ ‘ನೀವು ಬಸ್ಸೇ ಹತ್ತಿಲ್ಲ’ ಎಂದು ಯಾರಿಗೂ ಹೇಳಿದ್ದಿಲ್ಲ. ನಮ್ಮ ಇಲಾಖೆ ಅಷ್ಟು ಮುಂದುವರಿದಿರಲಿಲ್ಲ.

ಪಕ್ಕದ ಕೋಣೆಯ ‘ರೋಗಿಯೊಡನೆ ಸಂವಹನ’ ತರಗತಿಗೆ ಇಪ್ಪತ್ತಕ್ಕೆ ಇಪ್ಪತ್ತು ಬಂದಿದೆ. ಅಲ್ಲಿಗೆ ಇದುವರೆಗೆ ಒಬ್ಬ ರೋಗಿಯೂ ಕಾಲಿಟ್ಟಿಲ್ಲ, ಹಾಜರಿ ಪುಸ್ತಕ ಮಾತ್ರ ಅಚ್ಚುಕಟ್ಟಾಗಿದೆ. ತಾವು ನಮ್ಮ ಕೋಣೆಗೂ ಬಂದಿದ್ದಿರಿ. ಕಿಟಕಿ ಎಣಿಸಿದಿರಿ, ಬೆಂಕಿ ಆರಿಸುವ ಸಿಲಿಂಡರಿನ ತಾರೀಕು ನೋಡಿದಿರಿ. ನನ್ನತ್ತ ಬೆರಳು ತೋರಿಸಿ, “ಇದು?” ಎಂದು ಗುಮಾಸ್ತರನ್ನು ಕೇಳಿದಿರಿ. ಅವರು ಗಾಬರಿಯಲ್ಲಿ “ಬೋಧನಾ ಸಾಮಗ್ರಿ ಸರ್” ಎಂದರು. ವರದಿಯ ಒಂಬತ್ತನೇ ಪುಟದಲ್ಲಿ, ‘ಬೋಧನಾ ಸಾಮಗ್ರಿ: ಹಳೆಯದು, ಆದರೂ ಬಳಕೆಯಲ್ಲಿದೆ’ ಎಂದಿದೆ. ಇಡೀ ವರದಿಯಲ್ಲಿ ನಾನು ಒಪ್ಪುವ ಸಾಲು ಅದೊಂದೇ.

ನಳಿಕೆ ತೆಗೆದ ಮೇಲೂ ನಾನು ಪಾಠವಾಗಿ ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಒಬ್ಬ ಬಡಗಿ ಬಂದು ಕೂರಬೇಕಿತ್ತು. ನಲವತ್ತೆರಡು ವರ್ಷ, ಮೂಗಲ್ಲಿ ಅದೇ ನಳಿಕೆ. ನಿನ್ನೆ ಅವನ ಹೆಂಡತಿ ವಾರ್ಡಿನ ಹೊರಗೆ ನನ್ನನ್ನು ತಡೆದಳು. “ಅಣ್ಣ, ಕೆಮ್ಮು ಇಲ್ಲ ಅಂತ ಬರೆದಿದಾರೆ. ನೀರು ನೀರು ಅಂತ ಒಂದೇ ಸಮ ಕೈ ಸನ್ನೆ ಮಾಡ್ತಾರೆ. ಒಂದು ಗುಟುಕು ಕೊಡಲಾ?”

ನನಗೆ ಭಯವಾಯಿತು. “ಬುಧವಾರದವರೆಗೆ ಒಂದು ತೊಟ್ಟೂ ಕೊಡಬೇಡಮ್ಮ” ಎಂದೆ. ಬುಧವಾರ ರದ್ದಾಗಿದೆ ಎನ್ನಲು ಬಾಯಿ ಬರಲಿಲ್ಲ.

ಆದ್ದರಿಂದ, ರದ್ದತಿಯ ಆದೇಶವನ್ನು ಈ ವಾರವೇ ಹಿಂಪಡೆಯಿರಿ. ಅದು ಆಗದಿದ್ದರೆ, ಆ ಹೆಂಗಸಿಗೆ ಏನು ಉತ್ತರ ಕೊಡಬೇಕೆಂದು ಲಿಖಿತವಾಗಿ ತಿಳಿಸಿ. ಬೇಗ ತಿಳಿಸಿ. ಅವನು ನೀರು ಕೇಳುತ್ತಲೇ ಇದ್ದಾನೆ, ಲೋಟ ಅವಳ ಕೈಗೆ ಎಟಕುವಷ್ಟು ದೂರದಲ್ಲೇ ಇದೆ.

ಇಂತಿ,
ಆ ಕೋಣೆಯಲ್ಲಿ ಕಲಿತಂತೆ ಗದ್ದ ತಗ್ಗಿಸಿ, ಗುಟುಕು ಗುಟುಕಾಗಿ ನೀರು ಕುಡಿಯುವ
ಒಬ್ಬ ನಿವೃತ್ತ ಕಂಡಕ್ಟರ್